ಬೀಸುಕಲ್ಲಿನ ಗೆಳತಿ

ಎರಡು ವರ್ಷದ ಕೆಳಗೆ ಬೀದರ ನಗರದಲ್ಲಿ ನಡೆದ ಒಂದು ಜನಪದ ಗೀತಸ್ಪರ್ಧೆಗೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ಕನ್ನಡ ಕಲಿಸುವವನಿಗೆ ಇಂಥ ಕರೆಗಳು ತಪ್ಪಿದ್ದಲ್ಲ. ಹಾಡಲು ಬಾರದಿದ್ದರೂ ಹಾಡಿನ ಅರ್ಥವನ್ನು ಅವನು ಬಲ್ಲನೆಂಬ ನಂಬಿಕೆಯೊಂದು ನಮ್ಮ ಜನರಲ್ಲಿ ಇದೆ. ಆ ನಂಬಿಕೆಯ ಮೇಲೆಯೇ ನಮ್ಮಂಥವರ ಜೀವನ ಸಾಗಿದೆ. ಅಂದು ಎಂಟು ಜನ ಹುಡುಗಿಯರು ಇಳಕಲ್ಲ ಸೀರೆಯುಟ್ಟು, ಹಾರ್ಮೋನಿಯಂ-ಢೋಲಕಿಗಳೊಡನೆ ಒಂದು ಬೀಸುವ ಪದ ಹಾಡಿದರು. ವೇದಿಕೆಯ ನಡುವೆ ಥರ್ಮಾಕೋಲಿನಲ್ಲಿ ಮಾಡಿದ ಬೀಸುಕಲ್ಲು. ಅದನ್ನು ಒಬ್ಬ ಹುಡುಗಿ ಎರಡು ಬೆರಳಿನಿಂದ ಗಿರಗಿರನೆ ತಿರುಗಿಸುತ್ತಿದ್ದಳು. ದನಿ ಇಂಪಾಗಿತ್ತು, ತಾಳ ತಪ್ಪಲಿಲ್ಲ, ಸಭೆ ಚಪ್ಪಾಳೆಯಿಂದ ಕುಣಿಯಿತು. ನಾನು ಮೊದಲ ಬಹುಮಾನವನ್ನು ಅವರಿಗೇ ಕೊಟ್ಟೆ. ಕೊಟ್ಟು ಸುಮ್ಮನಿರಲಿಲ್ಲ, ಆ ಹಾಡಿನ ಅರ್ಥವನ್ನು ಕುರಿತು ಹತ್ತು ನಿಮಿಷ ಮಾತಾಡಿದೆ. ಈ ಲೇಖನ ಆ ಹತ್ತು ನಿಮಿಷಗಳ ತಿದ್ದುಪಡಿ.

ಹಾಡಿನ ಸಾಲುಗಳನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಅದಕ್ಕೆ ಕಾರಣ ಮುಂದೆ ವಾಚಕರಿಗೇ ತಿಳಿದೀತು. ಅದರ ತಾತ್ಪರ್ಯ ಇಷ್ಟು: ಹೆಣ್ಣೊಬ್ಬಳು ತನ್ನ ಗೆಳತಿಯನ್ನು ಕರೆದು, ಕೋಳಿ ಕೂಗುವ ಮುಂಚೆ ಇಬ್ಬರೂ ಒಂದೇ ಕಲ್ಲಿಗೆ ಕೂತ ದಿನಗಳು ನೆನಪಿವೆಯೆ ಎಂದು ಕೇಳುತ್ತಾಳೆ. ಒಂದೇ ಬಳೆಗಾರನಿಂದ ಇಟ್ಟುಕೊಂಡ ಬಳೆ, ಪಂಚಮಿಯ ಜೋಕಾಲಿ, ನೀರಿಗೆ ಹೋದ ಹಳ್ಳ ಇವೆಲ್ಲ ಬರುತ್ತವೆ. ನಡುವೆ ಹಾಡಿನ ಬಣ್ಣ ತಿರುಗುತ್ತದೆ. ಬತ್ತಿದ ಬಾವಿ, ಮುಳ್ಳಿನ ಹಾದಿ, ಅತ್ತೆ ಅಳೆದು ಕೊಡುವ ಜೋಳ ಬರುತ್ತವೆ. ಕೊನೆಗೆ, ಹರೆಯ ಹಳ್ಳದ ನೀರಿನ ಹಾಗೆ ಹೋಯಿತು, ಗೆಳತಿಯೂ ಹೋದಳು ಎಂಬಲ್ಲಿಗೆ ಹಾಡು ಮುಗಿಯುತ್ತದೆ. ಇಂಥ ಪದಗಳು ನಮ್ಮ ಸೀಮೆಯಲ್ಲಿ ಹತ್ತಾರು ಉಂಟು, ಊರಿಗೊಂದು ಪಾಠಾಂತರ.

ಇದನ್ನು ಕೇಳಿದ ಯಾವ ಅಧ್ಯಾಪಕನಾದರೂ ಏನು ಹೇಳುತ್ತಾನೋ ಅದನ್ನೇ ನಾನು ಹೇಳಿದೆ. ಇದು ಕಳೆದ ಯೌವನದ ಸ್ಮರಣೆ. ಕಷ್ಟದಲ್ಲಿ ಸಿಕ್ಕ ಒಬ್ಬಂಟಿ ಜೀವ ಸುಖದ ದಿನಗಳನ್ನು ಮೆಲುಕು ಹಾಕುತ್ತಿದೆ. ಗೆಳತಿ ಇಲ್ಲಿ ಒಂದು ನೆಪ, ಅವಳು ಕವಿಯ ಅಂತರಂಗದ ಇನ್ನೊಂದು ಹೆಸರು. ಅವಳಿಗೆ ಹೆಸರಿಲ್ಲದಿರುವುದೇ ಹಾಡಿನ ವಿಶ್ವಾತ್ಮಕತೆಗೆ ಸಾಕ್ಷಿ. ಹೀಗೆ. ಮಾತು ಮುಗಿದ ಮೇಲೆ ನನ್ನದೇ ತರಗತಿಯ ಒಬ್ಬ ವಿದ್ಯಾರ್ಥಿನಿ, ಔರಾದ ತಾಲೂಕಿನವಳು, ಮೆಲ್ಲಗೆ ಬಂದು, “ಸರ್, ನಮ್ಮ ಅಜ್ಜಿ ಈ ಪದ ಹಿಂಗ ಹಾಡಂಗಿಲ್ಲ” ಎಂದಳು. ರಾಗ ಬೇರೆಯೇ ಎಂದು ಕೇಳಿದೆ. “ರಾಗಲ್ಲ ಸರ್. ಅಕಿ ಒಬ್ಬಾಕೇ ಹಾಡಂಗಿಲ್ಲ” ಎಂದಳು. ನನಗೆ ಆ ಮಾತು ಅರ್ಥವಾಗಲಿಲ್ಲ. ಎಂಟು ಜನ ಹಾಡಿದ್ದನ್ನು ಈಗತಾನೆ ಕೇಳಿದ್ದೆನಲ್ಲ!

ಮರು ತಿಂಗಳು ಆ ಹುಡುಗಿಯ ಊರಿಗೆ ಹೋದೆ. ಬೀದರ ನಗರ ಕೂತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಎತ್ತರದಲ್ಲಿ. ಅಲ್ಲಿಂದ ಇಳಿದು ಕೌಠಾದ ಬಳಿ ಮಾಂಜ್ರಾ ನದಿಯ ಸೇತುವೆ ದಾಟಿದರೆ ಔರಾದಿನ ಕರಿ ಎರೆಭೂಮಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಹಳೆಯ ಕಾಗದಪತ್ರಗಳಲ್ಲಿ ಉರ್ದು ಎಂಬುದು ಆ ಸೀಮೆಯ ಸಹಜ ಸ್ಥಿತಿ. ನಿಜಾಮರ ಆಳಿಕೆಯಲ್ಲಿ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಎಲ್ಲರಿಗೂ ಗೊತ್ತಿದೆ. ಆದರೆ ಫಲಕವೇ ಬೇಕಿಲ್ಲದ ಶಾಲೆಯೊಂದು ಪ್ರತಿ ಮನೆಯ ಅಡಿಗೆಯ ಮೂಲೆಯಲ್ಲಿ ನಸುಕಿನ ನಾಲ್ಕು ಗಂಟೆಗೆ ನಡೆಯುತ್ತಿತ್ತೆಂಬುದನ್ನು ನಾವು ಅಷ್ಟಾಗಿ ಲೆಕ್ಕಕ್ಕೆ ಹಿಡಿದಿಲ್ಲ.

ಅಜ್ಜಿಗೆ ಎಂಬತ್ತರ ಆಸುಪಾಸು. ನಾನು ಮೊಬೈಲನ್ನು ಮುಂದೆ ಇಟ್ಟು, ಹಾಡಿರಿ ಎಂದೆ. ಆಕೆ ನನ್ನನ್ನೂ ಯಂತ್ರವನ್ನೂ ನೋಡಿ ನಕ್ಕಳು. “ಒಬ್ಬಾಕಿ ಹ್ಯಾಂಗ ಹಾಡಬೇಕ್ರಿ ಮಾಸ್ತರ? ಆ ಕಡಿ ಯಾರರೆ ಕೂಡಬೇಕಲ್ಲ.” ಮೊಮ್ಮಗಳು ಕೂತಳು, ಆಕೆಗೆ ಪದ ಬಾರದು. ಕೊನೆಗೆ ನೆರೆಮನೆಯ ಇನ್ನೊಬ್ಬ ಮುದುಕಿಯನ್ನು ಕರೆಸಿದರು. ಮನೆಯ ಬೀಸುಕಲ್ಲು ಹಿತ್ತಿಲಿನಲ್ಲಿತ್ತು. ಈಗ ಅದಕ್ಕೆ ಕೆಲಸವಿರುವುದು ಮದುವೆಯ ಅರಿಷಿಣ ಬೀಸುವ ದಿನ ಮಾತ್ರ. ಹೋದ ಮದುವೆಯಲ್ಲಿ ಕಟ್ಟಿದ ದಾರ ಇನ್ನೂ ಗೂಟದಲ್ಲಿತ್ತು. ಇಬ್ಬರೂ ಒಂದು ಕಾಲು ಮಡಚಿ, ಒಂದು ಕಾಲು ಚಾಚಿ ಎದುರುಬದುರು ಕೂತರು. ಒಂದೇ ಗೂಟಕ್ಕೆ ಒಬ್ಬರ ಕೈಮೇಲೆ ಒಬ್ಬರು ಕೈ ಹಚ್ಚಿದರು. ಬಲಗೈ ಗೂಟದಲ್ಲಿ, ಎಡಗೈ ಕಾಳಿನಲ್ಲಿ. ಕಲ್ಲು ಒಂದು ಸುತ್ತು ಬರುವಾಗ ಅರ್ಧ ಸುತ್ತು ಒಬ್ಬಳು ಎಳೆಯುತ್ತಾಳೆ, ಉಳಿದರ್ಧ ಇನ್ನೊಬ್ಬಳು. ಎಳೆಯುವವಳ ಉಸಿರು ಕಲ್ಲಿಗೆ ಹೋಗುತ್ತದೆ. ಆಗ ಹಾಡು ಎದುರಿನವಳ ಬಾಯಲ್ಲಿ.

ನಾನು ಕೇಳಿದ್ದು ಅದೇ ಹಾಡು. ಬಳೆ, ಜೋಕಾಲಿ, ಹಳ್ಳ, ಬಾವಿ, ಮುಳ್ಳು, ಜೋಳ ಎಲ್ಲವೂ ಇದ್ದವು. ಆದರೆ ನನ್ನ ಹತ್ತು ನಿಮಿಷಗಳಲ್ಲಿ ಒಂದು ನಿಮಿಷವೂ ಅದಕ್ಕೆ ಹೊಂದುತ್ತಿರಲಿಲ್ಲ. ನೆನಪಿದೆಯೇ ಎಂದು ಕೇಳುವವಳು ಒಬ್ಬಳು. ಬಾವಿ ಬತ್ತಿದೆ, ಹಾದಿಯಲ್ಲಿ ಮುಳ್ಳಿದೆ ಎನ್ನುವವಳು ಇನ್ನೊಬ್ಬಳು! ನಾನು ಒಂದೇ ಜೀವದ ಸುಖವೆಂದೂ ದುಃಖವೆಂದೂ ಬಗೆದದ್ದು ಇಬ್ಬರ ನಡುವಿನ ಸವಾಲು-ಜವಾಬು. ಒಬ್ಬಳು ಜೋಕಾಲಿಯ ಮಾತೆತ್ತಿದರೆ ಇನ್ನೊಬ್ಬಳು ಮುಳ್ಳಿನ ಮಾತೆತ್ತುತ್ತಾಳೆ. ನಿನ್ನ ಕಲ್ಲೊಂದೇ ಭಾರವೆಂದು ತಿಳಿಯಬೇಡ ಎಂಬ ಧಾಟಿಯಲ್ಲಿ. ಆ ಕಷ್ಟದ ನುಡಿ ಬಂದಾಗ ಮುದುಕಿಯರಿಬ್ಬರೂ ನಕ್ಕರು. ವೇದಿಕೆಯ ಮೇಲೆ ಅದೇ ನುಡಿಗೆ ಹುಡುಗಿಯರು ಸೆರಗಿನಿಂದ ಕಣ್ಣೊರಸಿಕೊಂಡಿದ್ದರು.

ಇನ್ನೊಂದು ಸಂಗತಿ. ಪ್ರತಿ ನುಡಿಯ ಕೊನೆಗೆ ಇಬ್ಬರೂ ಕೂಡಿ ಒಂದು ಚಿಕ್ಕ ಕೂಗು ಹಾಕುತ್ತಿದ್ದರು. ಕೈ ಹಚ್ಚು ಎಂಬರ್ಥದ ಒಂದೆರಡು ಶಬ್ದ. ಸ್ಪರ್ಧೆಯ ಹಾಡಿನಲ್ಲಿ ಅದು ಇರಲಿಲ್ಲ. ಆಮೇಲೆ ವಿಚಾರಿಸಿದರೆ, ತಾಳಕ್ಕೆ ಕೂಡದ ಪದವೆಂದು ತೆಗೆದರಂತೆ. ಅಜ್ಜಿಯನ್ನು ಅದರ ಅರ್ಥ ಕೇಳಿದೆ. “ಅರ್ಥ ಏನ್ರಿ, ನಸಿಕಿನ್ಯಾಗ ನಿದ್ದಿ ಬರ್ತದ. ಆ ಕಡಿದಾಕಿ ತೂಕಡಿಸಿದ್ರ ಕಲ್ಲ ಪೂರಾ ನನ್ನ ರಟ್ಟಿಗೇ ಬೀಳ್ತದ. ಅದಕ್ಕ ಎಬ್ಬಸೂದು.” ಹಾಗಾದರೆ ಹರೆಯ ಹೋಯಿತು ಎಂಬ ಕೊನೆಯ ನುಡಿ? “ಹರೇದಾಗ ಕಲ್ಲ ಹಗುರ. ಈಗ ವಜ್ಜಿ. ಖರೇ ಅದಲ್ಲ?” ಎಂದಳು. ಆಕೆಯ ನಿಘಂಟಿನಲ್ಲಿ ಹರೆಯವೆಂದರೆ ರಟ್ಟೆಯ ಕಸುವು, ಗೆಳತಿ ಎಂದರೆ ಅರ್ಧ ಸುತ್ತು ಎಳೆಯುವವಳು, ಕಷ್ಟವೆಂದರೆ ಆ ಅರ್ಧವೂ ತನ್ನ ಪಾಲಿಗೆ ಬೀಳುವುದು. ಮೂರೂ ಒಂದೇ ತಕ್ಕಡಿಯಲ್ಲಿ ತೂಗುವ ಮಾತುಗಳು. ಹೋದ ಯೌವನಕ್ಕಾಗಿ ಹಲುಬುವ ಹಾಡು ಇದಲ್ಲ; ಇನ್ನೊಂದು ಕೈ ಬೇಕೆಂದು ಕರೆಯುವ ಹಾಡು.

ಇಲ್ಲಿ ಛಂದಸ್ಸಿನ ಮಾತು ಸ್ವಲ್ಪ ಆಡಬೇಕು, ವಾಚಕರು ಬೇಸರಿಸಬಾರದು. ತ್ರಿಪದಿ ನಮ್ಮಲ್ಲಿ ಬಹಳ ಹಳೆಯದು. ಸುಮಾರು ಕ್ರಿ.ಶ. 700ರದೆಂದು ಹೇಳುವ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ಅದು ಇದೆ. ಹನ್ನೊಂದು ಗಣ, ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ ಎಂದು ತರಗತಿಯಲ್ಲಿ ಬಾಯಿಪಾಠ ಮಾಡಿಸುತ್ತೇವೆ. ಆ ಎರಡು ಸ್ಥಾನಗಳಲ್ಲೇ ಗಣ ಏಕೆ ಮೊಟಕಾಗಬೇಕೆಂದು ನಾನು ಯಾರನ್ನೂ ಕೇಳಿರಲಿಲ್ಲ, ನನ್ನನ್ನೂ ಯಾರೂ ಕೇಳಿರಲಿಲ್ಲ. ಹಿತ್ತಿಲಿನಲ್ಲಿ ಕೂತು ಕೇಳುವಾಗ, ಆರನೆಯ ಗಣದ ಬಳಿ ದನಿ ಇಳಿದು ಒಬ್ಬಳ ಬಾಯಿಂದ ಇನ್ನೊಬ್ಬಳ ಬಾಯಿಗೆ ಹಾಡು ದಾಟುವುದು ಕಿವಿಗೆ ಸ್ಪಷ್ಟವಾಗಿ ಬಿತ್ತು. ಹಾಡುವಾಗ ತ್ರಿಪದಿ ಮೂರೇ ಸಾಲಾಗಿ ನಿಲ್ಲುವುದಿಲ್ಲ, ಎರಡನೆಯ ಸಾಲು ಮರಳಿ ಬಂದು ನಾಲ್ಕರ ಅಳತೆ ತುಂಬುತ್ತದೆ ಎಂಬುದೂ ಗೊತ್ತಿದ್ದ ಸಂಗತಿಯೇ. ಆ ಮರಳಿ ಬರುವ ಸಾಲನ್ನು ಹಾಡಿದವಳು ಎರಡನೆಯವಳು. ಛಂದಸ್ಸು ಹುಟ್ಟಿದ್ದು ಬೀಸುಕಲ್ಲಿನಿಂದ ಎಂದು ಸಾಧಿಸಲು ನಾನು ಹೊರಟಿಲ್ಲ. ಕಪ್ಪೆ ಅರಭಟ್ಟನಿಗೆ ಜೋಳ ಬೀಸುವ ಪ್ರಸಂಗ ಬಂದಿರಲಿಕ್ಕಿಲ್ಲ. ಆದರೆ ಆ ಅಳತೆಯಲ್ಲಿ ಇಬ್ಬರು ಕೂರಲು ಜಾಗವಿದೆ ಎಂದು ನಮ್ಮ ಹೆಣ್ಣುಮಕ್ಕಳು ಕಂಡುಕೊಂಡರು. ನನ್ನ ಮಾತು ಇಷ್ಟೇ.

ಹಾಡನ್ನು ಕಾಗದಕ್ಕೆ ಇಳಿಸಿದ ಕೂಡಲೆ ಆ ಜಾಗ ಮುಚ್ಚಿಹೋಗುತ್ತದೆ. ಮೂರು ಸಾಲು ಒಂದರ ಕೆಳಗೊಂದು ಅಚ್ಚಾಗುತ್ತವೆ. ಎಲ್ಲಿ ದನಿ ಬದಲಾಯಿತೆಂಬುದಕ್ಕೆ ಗುರುತಿಲ್ಲ. ಕೂಗನ್ನು ಪುನರುಕ್ತಿಯೆಂದು ಬಿಡುತ್ತೇವೆ. ಉಳಿಯುವುದು ಒಬ್ಬಳೇ ಹೆಂಗಸಿನ ನಿಟ್ಟುಸಿರು. ಸಾಲುಗಳನ್ನು ನಾನು ಇಲ್ಲಿ ಬರೆಯದಿರುವುದಕ್ಕೆ ಇದೇ ಕಾರಣ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಹೊರತಂದಾಗ ಕನ್ನಡಕ್ಕೆ ಮಾಡಿದ ಉಪಕಾರ ಎಷ್ಟೆಂದು ನಾನು ಹೇಳಬೇಕಾದ್ದಿಲ್ಲ. ಹಳ್ಳಿಯ ಪದವೆಂದರೆ ಮೂಗು ಮುರಿಯುವ ಕಾಲದಲ್ಲಿ ‘ಗರತಿ’ ಎಂಬ ಶಬ್ದವನ್ನು ಹಣೆಗಿಟ್ಟು ಅದಕ್ಕೆ ಮರ್ಯಾದೆ ತಂದರು. ಆದರೂ ಒಂದು ಸೋಜಿಗ ನೋಡಿ: ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು ತಮ್ಮನ್ನು ಕರೆದುಕೊಂಡದ್ದು ಗೆಳೆಯರೆಂದು, ಬಹುವಚನದಲ್ಲಿ, ಪುಸ್ತಕದ ಹೆಸರಿನಲ್ಲಿರುವ ಗರತಿ ಮಾತ್ರ ಏಕವಚನ. ಇದು ಅವರ ಮೇಲಣ ಆಕ್ಷೇಪಣೆಯಲ್ಲ. ಆ ಏಕವಚನವನ್ನು ಅಕ್ಷರಶಃ ನಂಬಿ, ಪ್ರತಿಯೊಂದು ಪದಕ್ಕೂ ಒಬ್ಬಳೇ ದುಃಖಿತೆಯನ್ನು ಕಲ್ಪಿಸಿ, ಅವಳ ಕಣ್ಣೀರಿನ ಮೇಲೆ ಪರೀಕ್ಷೆಯ ಹತ್ತು ಅಂಕದ ಪ್ರಶ್ನೆ ಹಾಕುತ್ತ ಬಂದವರು ನಾವು.

ಗಡಿಯಾಚೆಯ ಮರಾಠಿ ಹೆಂಗಸರಿಗೂ ಕಲ್ಲಿನ ಪದಗಳುಂಟು, ಓವಿ ಎನ್ನುತ್ತಾರೆ. ಪುಣೆಯ ಹೇಮಾ ರಾಯರಕರ ಮತ್ತು ಗೀ ಪೊಯ್ತವಾ ಎಂಬಿಬ್ಬರು ಮಹಾರಾಷ್ಟ್ರದ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಓವಿಗಳನ್ನು ಕೂಡಿಸಿದ್ದಾರೆ. ಅಲ್ಲಿಯೂ ಹಾಡಿನ ಕಿವಿ ಎದುರಿಗೆ ಕೂತಿದೆ. ‘ಬಾಯಿ’ ಎಂದು ಸಂಬೋಧಿಸದೆ ಓವಿ ಮುಂದೆ ಹೋಗುವುದು ಅಪರೂಪ. ಔರಾದಿನ ನಮ್ಮ ಅಜ್ಜಿಯೂ ನಾಲ್ಕು ಕನ್ನಡ ಪದವಾದ ಮೇಲೆ ಒಂದು ಓವಿ ಹಾಕಿದಳು. ಭಾಷೆ ಬದಲಾಯಿತೆಂಬುದು ಆಕೆಯ ಗಮನಕ್ಕೆ ಬಂದಂತೆಯೇ ಕಾಣಲಿಲ್ಲ. ಕಲ್ಲು ನಿಲ್ಲಲಿಲ್ಲವಲ್ಲ.

ಹೀಗೆ ಹೇಳಿದರೆ ಕಾವ್ಯವನ್ನು ಕೂಲಿಯ ಲೆಕ್ಕಕ್ಕೆ ಇಳಿಸಿದಂತಾಗಲಿಲ್ಲವೇ ಎಂದು ನನ್ನ ಸಹೋದ್ಯೋಗಿ ಮಿತ್ರರೊಬ್ಬರು ಕೇಳಿದರು. ನಿದ್ದೆ ಬಾರದಿರಲೆಂದು ಹಾಡಿದರೆಂಬುದು ಗಿರಣಿಯ ಸದ್ದಿಗೂ ಒಪ್ಪುವ ಮಾತು, ಇದರಲ್ಲಿ ರಸವೆಲ್ಲಿ? ಪ್ರಶ್ನೆ ನ್ಯಾಯವಾದದ್ದು. ಎಲ್ಲ ತ್ರಿಪದಿಗಳೂ ಇಬ್ಬರವು ಎಂದು ನಾನೂ ಹೇಳಲಾರೆ. ತೊಟ್ಟಿಲ ಪದವನ್ನು ತಾಯಿ ಒಬ್ಬಳೇ ಹಾಡುತ್ತಾಳೆ, ತವರಿನ ಅಣ್ಣನನ್ನು ಹೊಗಳಲು ಜೊತೆ ಬೇಕಿಲ್ಲ. ಆದರೆ ಈ ಹಾಡಿನ ರಸವಿರುವುದೇ ಆ ಕೂಲಿಯ ಲೆಕ್ಕದಲ್ಲಿ ಎಂದು ನನ್ನ ಎಣಿಕೆ. ಅದಕ್ಕೆ ಅಜ್ಜಿಯ ಕತೆಯನ್ನೇ ಹೇಳಬೇಕು.

ಆಕೆಗೆ ಆ ಪದವನ್ನು ಕಲಿಸಿದವಳು ಓಣಿಯ ಒಬ್ಬ ಹುಡುಗಿ, ಸರೀಕಳು. ಅವರ ಮನೆ ಜೋಳ ಒಂದು ದಿನ, ಇವರ ಮನೆ ಜೋಳ ಒಂದು ದಿನ ಎಂದು ಇಬ್ಬರೂ ಕೂಡಿ ಬೀಸುತ್ತಿದ್ದರು. ಹದಿಮೂರು-ಹದಿನಾಲ್ಕು ತುಂಬುವಾಗ ಆ ಗೆಳತಿಯನ್ನು ಉದಗೀರ ಕಡೆಯ ಒಂದು ಊರಿಗೆ ಕೊಟ್ಟರು. ಔರಾದಿಗೆ ಉದಗೀರ ದೂರವೇನಲ್ಲ. ಹೈದರಾಬಾದ ಸಂಸ್ಥಾನದ ಕಾಲಕ್ಕೆ ಎರಡೂ ಬೀದರ ಜಿಲ್ಲೆಯ ತಾಲೂಕುಗಳೇ. 1956ರ ನವೆಂಬರ್ 1ರಂದು ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರು ರಾಜ್ಯಕ್ಕೆ ಬಂದವು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ ಹೋದವು. ನಾವು ಆ ದಿನವನ್ನು ಹಬ್ಬವೆಂದು ಆಚರಿಸುತ್ತೇವೆ, ಆಚರಿಸತಕ್ಕದ್ದೇ. ಆದರೆ ಬೀಗತನದ ಹಾದಿಗಳು ರಾಜ್ಯಗಳನ್ನು ಕೇಳಿ ಹುಟ್ಟಿದವಲ್ಲ. ಮದುವೆಯಾದ ಮೇಲೆ ಗೆಳತಿ ಎರಡು ಪಂಚಮಿಗೆ ತವರಿಗೆ ಬಂದಳಂತೆ. ಆಮೇಲೆ ಅವಳ ತಂದೆ ತೀರಿಕೊಂಡು, ಮನೆ ಮಾರಿಹೋಗಿ, ಬರುವುದಕ್ಕೆ ತವರೇ ಉಳಿಯಲಿಲ್ಲ.

1972-73ರ ಬರ ಮರಾಠವಾಡವನ್ನೂ ಅದಕ್ಕೆ ಅಂಟಿದ ನಮ್ಮ ತಾಲೂಕುಗಳನ್ನೂ ಹಣ್ಣುಮಾಡಿತು. ಆಗ ಅಜ್ಜಿ ಹಗಲೆಲ್ಲ ಕಾಮಗಾರಿಯಲ್ಲಿ ಖಡಿ ಒಡೆದು ಬಂದು, ಕೂಲಿಯಾಗಿ ಸಿಕ್ಕ ಕಾಳನ್ನು ರಾತ್ರಿ ಒಬ್ಬಳೇ ಬೀಸುತ್ತಿದ್ದಳು. ಆ ವರ್ಷ ಈ ಪದ ಹಾಡಿದಿರಾ ಎಂದು ಕೇಳಿದೆ. ಹಾಡುತ್ತಿದ್ದಳಂತೆ. ತನ್ನ ಪಾಲಿನದನ್ನು ಹಾಡಿ, ಆ ಕಡೆಯವಳ ಪಾಲು ಬಂದಾಗ ಸುಮ್ಮನಿದ್ದು ಕಲ್ಲು ತಿರುವುತ್ತಿದ್ದಳಂತೆ.

ನನ್ನ ಮಿತ್ರರಿಗೆ ನಾನು ಕೊಡಬಲ್ಲ ಉತ್ತರ ಇದು. ಗೆಳೆತನ ಇಲ್ಲಿ ಮನಸ್ಸಿನ ಒಂದು ಭಾವವಾಗಿ ಇದ್ದಿದ್ದರೆ, ದೂರವಿದ್ದವಳನ್ನು ನೆನೆದು ಇಡೀ ಹಾಡನ್ನು ಒಬ್ಬಳೇ ಹಾಡಿ ಸಮಾಧಾನಪಟ್ಟುಕೊಳ್ಳಬಹುದಾಗಿತ್ತು. ಆಕೆ ಹಾಗೆ ಮಾಡಲಿಲ್ಲ. ಇನ್ನೊಬ್ಬಳ ಮಾತನ್ನು ತಾನು ಆಡಲಿಲ್ಲ. ಆ ಜಾಗವನ್ನು ಖಾಲಿ ಬಿಟ್ಟಳು. ಆ ಖಾಲಿಯಲ್ಲಿ ಕಲ್ಲಿನ ಸದ್ದು ಮಾತ್ರ ಕೇಳಿರಬೇಕು. ವಿರಹವನ್ನು ಕುರಿತು ನಾನು ಓದಿದ, ಓದಿಸಿದ ಎಷ್ಟೋ ಪದ್ಯಗಳಲ್ಲಿ ಅಲಂಕಾರ ಹೆಚ್ಚಿದೆ. ಇಷ್ಟು ಬಿಗುವು ಕಂಡಿಲ್ಲ. ಕಷ್ಟದ ಪಟ್ಟಿಯನ್ನು ಹಾಡಿನ ಸಾಲುಗಳಲ್ಲಿ ಹುಡುಕಿದ್ದು ನನ್ನ ತಪ್ಪು. ಮುಳ್ಳು, ಬಾವಿ, ಅಳೆದ ಜೋಳ, ಇವು ಗೆಳತಿಯರು ಒಬ್ಬರಿಗೊಬ್ಬರು ಎಸೆಯುವ ಚೇಷ್ಟೆಯ ಮಾತು. ಕಷ್ಟವಿದ್ದದ್ದು ಆ ಮಾತಿಗೆ ಮರುಮಾತು ಬಾರದಿದ್ದಾಗ.

ಹೊರಡುವಾಗ ಅಜ್ಜಿ, ನಾನು ಭಾಲ್ಕಿಯವನೆಂದು ತಿಳಿದು, “ಆಗಗಾಡಿ ಭಾಲ್ಕಿ ಮ್ಯಾಲಿಂದ ಉದಗೀರಕ್ಕ ಹೋಗ್ತದಲ್ಲ, ಒಮ್ಮೆ ಕೇಳ್ರಿ, ಅಕಿ ಅದಾಳೋ ಏನೋ” ಎಂದು ಗೆಳತಿಯ ಹೆಸರನ್ನೂ ಊರನ್ನೂ ಹೇಳಿದಳು. ದಸರೆಯ ರಜೆಯಲ್ಲಿ ಹೋದೆ. ಭಾಲ್ಕಿಯಲ್ಲಿ ರೈಲು ಹತ್ತಿದರೆ ಕಮಲನಗರ ದಾಟಿ ಉದಗೀರ, ಅಲ್ಲಿಂದ ಜೀಪು. ಊರ ದೇವಾಲಯದ ಕಟ್ಟೆಯಲ್ಲಿ ಕೂತಿದ್ದ ಹಿರಿಯರನ್ನು ಹೆಸರು ಹಿಡಿದು ಕೇಳಿದೆ. ಆ ಹೆಸರಿನ ಮುದುಕಿ ತಮ್ಮ ಊರಿನಲ್ಲಿ ಇಲ್ಲ, ಇದ್ದ ನೆನಪೂ ಇಲ್ಲ ಎಂದರು. ಅವರಲ್ಲೊಬ್ಬರು, ಅದು ತವರಿನ ಹೆಸರೋ ಮದುವೆಯಲ್ಲಿ ಇಟ್ಟ ಹೆಸರೋ ಎಂದು ಕೇಳಿದರು. ಆಗ ನನಗೆ ಹೊಳೆಯಿತು. ನಮ್ಮ ಗಡಿಯ ಕಡೆ ಮದುವೆಯಲ್ಲಿ ಹೆಣ್ಣಿಗೆ ಗಂಡನ ಮನೆಯವರು ಹೊಸ ಹೆಸರಿಡುವ ರೂಢಿ. ತವರಿನ ಹೆಸರು ತವರಿನ ಹೊಸ್ತಿಲಿನಲ್ಲೇ ನಿಲ್ಲುತ್ತದೆ. ಗಂಡನ ಹೆಸರು ಹೇಳಿ ಎಂದರು; ಅದು ಅಜ್ಜಿಗೇ ಗೊತ್ತಿರಲಿಲ್ಲ. ಗಂಡನ ಹೆಸರನ್ನು ಗೆಳತಿ ಎಂದೂ ಬಾಯಿಬಿಟ್ಟು ಹೇಳಿರಲಿಕ್ಕಿಲ್ಲ.

ಹಾಡಿನ ಗೆಳತಿಗೆ ಹೆಸರಿಲ್ಲದ್ದನ್ನು ನಾನು ವಿಶ್ವಾತ್ಮಕತೆ ಎಂದು ಕರೆದಿದ್ದೆ, ಮೈಕಿನ ಮುಂದೆ. ಆ ಕಟ್ಟೆಯ ಹತ್ತಿರ ಏಳೆಂಟು ಜನ ಮುದುಕಿಯರು ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಅವರಲ್ಲಿ ಯಾರಾದರೂ ಅವಳಾಗಿರಬಹುದಿತ್ತು. ಹೋಗಿ ಕೇಳಲು ನನಗೆ ಸಂಕೋಚವಾಯಿತು. ಪರ ಊರಿನ ಗಂಡಸು, ಅರೆಬರೆ ಮರಾಠಿ, ಏನೆಂದು ಕೇಳಲಿ? ಆ ಪದದ ಮೊದಲ ನುಡಿಯನ್ನಾದರೂ ಅಂದಿದ್ದರೆ ಯಾರಾದರೂ ತಮ್ಮ ಪಾಲಿನದನ್ನು ಹೇಳುತ್ತಿದ್ದರೋ ಏನೋ ಎಂದು ರೈಲಿನಲ್ಲಿ ಕೂತ ಮೇಲೆ ಅನಿಸಿತು. ಅಷ್ಟರಲ್ಲಿ ಕಮಲನಗರ ಬಂದಿತ್ತು. ಅಜ್ಜಿಗೆ ಏನು ಹೇಳಬೇಕೆಂದು ತಿಳಿಯದೆ ನಾನು ಇನ್ನೂ ಔರಾದಿಗೆ ಹೋಗಿಲ್ಲ.